ಬಲಗಡೆಯ ಮೂರಿಂಚು
ದುಡಿಮೆಯ ಚಿತ್ರವನ್ನು ಮನೆಯ ಗೋಡೆಗೆ ಹಾಕುವ ಬಗ್ಗೆ ಒಂದು ಮೀಮಾಂಸೆ

ವಿಷಯ

ಬೆನ್ನು ಬಗ್ಗಿಸಿ ದುಡಿಯುವವರನ್ನು ಇದ್ದಂತೆಯೇ ಕಂಡು ಬರೆದ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಚಿತ್ರಗಳು ಈಗ ಅಚ್ಚಾಗಿ, ಕಟ್ಟು ಹಾಕಿಸಿಕೊಂಡು, ನಮ್ಮ ಹಜಾರಗಳಿಗೂ ಬಂದಿವೆ. ಮಿಲೆಯ ಹಕ್ಕಲು ಆಯುವ ಹೆಂಗಸರು, ಕೂರ್ಬೆಯ ಕಲ್ಲು ಒಡೆಯುವವರು, ಕಾಯ್‌ಬೊತ್‌ನ ನೆಲ ಹೆರೆಯುವವರು, ರೇಪಿನ್‌ನ ದೋಣಿ ಎಳೆಯುವವರು, ವ್ಯಾನ್‌ಗೋನ ಆಲೂಗಡ್ಡೆ ಉಣ್ಣುವವರು. ಇವುಗಳ ಮೇಲೆ ಯಾರ ಹಕ್ಕುಸ್ವಾಮ್ಯವೂ ಉಳಿದಿಲ್ಲ. ಕ್ಯಾನ್ವಾಸ್ ಮೇಲೋ ದಪ್ಪ ಕಾಗದದ ಮೇಲೋ ಕೇಳಿದ ಅಳತೆಗೆ ಮುದ್ರಿಸಿ ಕೊಡುತ್ತಾರೆ. ಕಂದು, ಕಾವಿ, ಮಣ್ಣುಬಣ್ಣ ಇರುವುದರಿಂದ ಮರದ ಪೀಠೋಪಕರಣಕ್ಕೆ ಚೆನ್ನಾಗಿ ಒಪ್ಪುತ್ತವೆ.

ನಮ್ಮ ಗೋಡೆಗಳಿಗೆ ಅಚ್ಚಿನ ಚಿತ್ರ ಹೊಸದೇನಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದನ್‌ಕರರ ದೀಪ ಹಿಡಿದ ಹೆಂಗಸನ್ನು ನೋಡಿದವರು ಅವಳ ಪ್ರತಿಯನ್ನೂ ಜೊತೆಗೆ ತಂದರು. ದೇವರು, ಚೆಲುವೆ, ಜಲಪಾತ ಇವು ಗೋಡೆಗೆ ಒಗ್ಗಿದ ವಸ್ತುಗಳು. ಕೂಲಿ ಮಾಡುವ ಮೈಗೆ ಆ ಜಾಗ ಸುಲಭವಾಗಿ ಒಗ್ಗುವುದಿಲ್ಲ. ವಿಚಾರ ಬೇಕಾಗಿರುವುದು ಅದಕ್ಕೇ.

ಸಂಶಯ

ಮೈಬಗ್ಗಿಸಿ ದುಡಿಯದವನ ಮನೆಯಲ್ಲಿ ದುಡಿಮೆಯ ಚಿತ್ರ ಅಲಂಕಾರವಾಗಿ ತೂಗಬಹುದೇ, ಕೂಡದೇ?

ಅಲಂಕಾರವಾಗಿ ಎಂದು ಬೇಕೆಂದೇ ಹೇಳಿದ್ದೇನೆ. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯಕ್ಕೆ ಹೋದವನು ಟಿಕೆಟ್ ಕೊಂಡು, ನೋಡಲೆಂದೇ ನಿಂತು ನೋಡುತ್ತಾನೆ. ಮನೆಯಲ್ಲಿರುವ ಚಿತ್ರವನ್ನು ಯಾರೂ ಹಾಗೆ ನೋಡುವುದಿಲ್ಲ. ಕಾಫಿ ಲೋಟ ಹಿಡಿದು ಅದರ ಮುಂದೆ ಹಾದುಹೋಗುತ್ತೇವೆ, ಅದರ ಕೆಳಗೆ ಕೂತು ಫೋನು ಒತ್ತುತ್ತೇವೆ. ಅಲ್ಲಿ ಚಿತ್ರ ಗೋಡೆಯ ಒಂದು ಗುಣವಾಗಿಬಿಡುತ್ತದೆ. ಸಂಶಯ ಹುಟ್ಟುವುದು ಇಲ್ಲಿ.

ಪೂರ್ವಪಕ್ಷ: ಕೂಡದು

ಕೂಡದು ಎನ್ನುವವನ ವಾದ ಗಟ್ಟಿಯಾಗಿಯೇ ಇದೆ. ಒಬ್ಬನ ನೋವು ಇನ್ನೊಬ್ಬನ ಗೋಡೆಗೆ ಬಣ್ಣವಾಗುವುದು ಹೇಸಿಗೆ, ಅಷ್ಟೇ ಎನ್ನುತ್ತಾನೆ ಅವನು. ಸಾಕ್ಷಿಗೆ ರೇಪಿನ್‌ನ ಚಿತ್ರವನ್ನೇ ತರುತ್ತಾನೆ. ವೋಲ್ಗಾ ನದಿಯ ದಂಡೆಯಲ್ಲಿ ಹನ್ನೊಂದು ಜನ ಎದೆಗೆ ಪಟ್ಟಿ ಬಿಗಿದುಕೊಂಡು ಸರಕಿನ ದೋಣಿಯನ್ನು ಎಳೆಯುತ್ತಿದ್ದಾರೆ. ದೂರದಲ್ಲೊಂದು ಹೊಗೆಯುಗುಳುವ ಪುಟ್ಟ ಹಡಗು. ಉಗಿಯಂತ್ರ ಬಂದಾಗಿದೆ, ಆದರೂ ಇವರನ್ನು ಬಿಟ್ಟಿಲ್ಲ, ಯಾಕೆಂದರೆ ಮನುಷ್ಯನ ಕೂಲಿ ಅಗ್ಗ. 1873ರಲ್ಲಿ ಮುಗಿದ ಈ ಚಿತ್ರವನ್ನು ಕೊಂಡವನು ಯಾರು? ಚಕ್ರವರ್ತಿಯ ಮಗ ವ್ಲಾದಿಮಿರ್ ಅಲೆಕ್ಸಾಂದ್ರೊವಿಚ್. ತೂಗುಹಾಕಿಕೊಂಡದ್ದೆಲ್ಲಿ? ಅರಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಅವನು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಅವನ ಇನ್ನೊಂದು ಸಾಕ್ಷಿ ಮಿಲೆಯ ಹಕ್ಕಲು ಆಯುವವರು. 1857ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಮೂವರು ಹೆಂಗಸರನ್ನು ಕಂಡು ಕೆಲವು ವಿಮರ್ಶಕರಿಗೆ ನಡುಕ ಹುಟ್ಟಿತ್ತು. ಅವರ ಬೆನ್ನ ಹಿಂದೆ ದಂಗೆಯ ಈಟಿಗಳೂ 1793ರ ವಧಾಸ್ಥಾನವೂ ಕಾಣಿಸುತ್ತವೆ ಎಂಬರ್ಥದಲ್ಲಿ ಒಬ್ಬ ಬರೆದ. 1848ರ ಕ್ರಾಂತಿ ನಡೆದು ಹತ್ತು ವರ್ಷವೂ ಆಗಿರಲಿಲ್ಲ. ಆಗ ಅದು ಮಾರಾಟವಾದದ್ದು 3,000 ಫ್ರಾಂಕಿಗೆ. 1889ರಲ್ಲಿ ಶಾಂಪೇನ್ ವ್ಯಾಪಾರದ ಮಾದಾಮ್ ಪೊಮೆರಿ ಅದನ್ನು ಕೊಂಡದ್ದು 3,00,000 ಫ್ರಾಂಕಿಗೆ. ಆ ಹೊತ್ತಿಗೆ ಈಟಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ, ನೋಡುವವರ ಭಯ ಹೋಗಿತ್ತು. ಭಯ ಹೋದ ಮೇಲೆ ಉಳಿಯುವುದು ಚಂದ ಮಾತ್ರ ಎನ್ನುತ್ತಾನೆ ಪೂರ್ವಪಕ್ಷಿ.

ಎರಡನೆಯ ಪೂರ್ವಪಕ್ಷ: ಯಾಕಾಗಬಾರದು

ಇದಕ್ಕೆ ಎದುರು ನಿಲ್ಲುವವನು ರಸವಾದಿ. ಅವನು ಆಲಂಕಾರಿಕ ಶಂಕುಕನ ಚಿತ್ರದ ಕುದುರೆಯಿಂದ ಆರಂಭಿಸುತ್ತಾನೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುತ್ತೇವೆ. ಅದು ನಿಜವಾದ ಅರಿವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಆ ಕುದುರೆಗೆ ಹುಲ್ಲು ಹಾಕಲಿಲ್ಲವೆಂದು ಯಾರನ್ನೂ ಬೈಯುವುದಿಲ್ಲ. ಹಾಗೆಯೇ ಚಿತ್ರದ ಹೆಂಗಸಿನ ಬೆನ್ನುನೋವಿಗೆ ನೋಡುವವನು ಹೊಣೆಯಲ್ಲ. ಮುಂದೆ ಅವನು ಭಟ್ಟನಾಯಕನ ಸಾಧಾರಣೀಕರಣವನ್ನು ತರುತ್ತಾನೆ. ಕಲೆಯಲ್ಲಿ ಕಾಣುವ ದುಃಖ ನನ್ನದಲ್ಲ, ಶತ್ರುವಿನದಲ್ಲ, ದಾರಿಹೋಕನದೂ ಅಲ್ಲ. ಯಾರದೂ ಅಲ್ಲದ್ದರಿಂದ ಎಲ್ಲರದಾಗಿ, ಆಸ್ವಾದಕ್ಕೆ ಒದಗುತ್ತದೆ. ಕರುಣದಲ್ಲೂ ಆನಂದವೇ ಇರುವುದು ಎಂದು ಅಭಿನವಗುಪ್ತನೇ ಹೇಳಿದ ಮೇಲೆ ಸೋಫಾದ ಮೇಲಿನ ಗೋಡೆಗೆ ಮಾತ್ರ ಯಾಕೆ ಮಡಿ?

ತೀ.ನಂ.ಶ್ರೀ.ಯವರ 'ಭಾರತೀಯ ಕಾವ್ಯಮೀಮಾಂಸೆ' ಓದಿದವರಿಗೆ ಈ ವಾದ ಬಾಯಿಪಾಠ. ರಸ ಸುಖವೂ ಹೌದು ದುಃಖವೂ ಹೌದು ಎಂದ ನಾಟ್ಯದರ್ಪಣಕಾರರನ್ನು ಎದುರಿಗೆ ನಿಲ್ಲಿಸಿ ಈ ರಸವಾದಿಯ ಬಾಯಿ ಮುಚ್ಚಿಸಬಹುದು. ಆದರೆ ಅದು ಒಂದು ಗ್ರಂಥವನ್ನು ಇನ್ನೊಂದರಿಂದ ಹೊಡೆಯುವ ಕೆಲಸ. ಅವನ ನೆಲದಲ್ಲೇ ನಿಂತು ಅವನನ್ನು ಪರೀಕ್ಷಿಸುವುದು ಮೇಲು.

ಪರೀಕ್ಷೆ

ಮೊದಲು ಚಿತ್ರವನ್ನು ಹತ್ತಿರದಿಂದ ನೋಡೋಣ. ಮಿಲೆಯ ಮೂವರಲ್ಲಿ ಇಬ್ಬರು ಪೂರ್ತಿ ಬಗ್ಗಿದ್ದಾರೆ, ಬಲಗಡೆಯವಳು ಅರ್ಧ ಬಗ್ಗಿದ್ದಾಳೆ. ಬಗ್ಗಿದವರಲ್ಲಿ ಒಬ್ಬಳಿಗೆ ನೀಲಿ ತಲೆವಸ್ತ್ರ, ಇನ್ನೊಬ್ಬಳಿಗೆ ಕೆಂಪು. ನೀಲಿಯವಳು ಒಂದು ಕೈಯಲ್ಲಿ ನೆಲದ ತೆನೆ ಹೆಕ್ಕುತ್ತಾ, ಈಗಾಗಲೇ ಆಯ್ದ ಹಿಡಿಯನ್ನು ಇನ್ನೊಂದು ಕೈಯಲ್ಲಿ ಬೆನ್ನ ಮೇಲೆ ಹಿಡಿದಿದ್ದಾಳೆ. ಗದ್ದೆಯಲ್ಲಿ ನಾಟಿ ಮಾಡಿದವರಿಗೆ ಈ ಭಂಗಿ ಗೊತ್ತು. ಬಗ್ಗಿದ ಸೊಂಟಕ್ಕೆ ಆ ಕೈಯೇ ಆಸರೆ.

ಈಗ ಅವರ ಹಿಂದೆ ನೋಡಿ. ಬಿಸಿಲಿನ ಮಬ್ಬಿನಲ್ಲಿ ದೊಡ್ಡ ದೊಡ್ಡ ಬಣವೆಗಳು, ಹೇರಿದ ಗಾಡಿ, ಕೊಯ್ಲಿನ ಗುಂಪು. ಸುಗ್ಗಿಯ ಸಿರಿ ಅಷ್ಟೂ ಅಲ್ಲಿದೆ. ಬಲಗಡೆ ದೂರದಲ್ಲಿ ಕುದುರೆಯ ಮೇಲೊಬ್ಬ ಕೂತಿದ್ದಾನೆ, ಕೊಯ್ಲಿನ ಮೇಲ್ವಿಚಾರಕ. ಮನೆಗೆ ತರುವ ಅಚ್ಚಿನಲ್ಲಿ ಅವನು ಕಾಳಿನಷ್ಟು. ಆದರೆ ಆ ಚಿತ್ರದ ವ್ಯಾಕರಣವೆಲ್ಲ ಅವನಲ್ಲಿದೆ. ಕಾಳು ಯಾರದು, ಉದುರಿದ್ದನ್ನು ಆಯಲು ಯಾರು ಬಿಟ್ಟರು, ಎಷ್ಟು ಹೊತ್ತು ಬಿಟ್ಟರು ಎಂಬುದಕ್ಕೆ ಅವನು ಉತ್ತರ. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುವುದು ಫ್ರಾನ್ಸಿನಲ್ಲಿ ಬಡವರ ಹಳೆಯ ಹಕ್ಕು, ಆದರೆ ಅದಕ್ಕೂ ಹೊತ್ತು ಹುಟ್ಟಿ ಮುಳುಗುವವರೆಗೆ ಎಂಬಂಥ ಕಟ್ಟುಗಳಿದ್ದವು. ಹಕ್ಕು ಇದೆ, ಕಾವಲೂ ಇದೆ. ಮಿಲೆ ಎರಡನ್ನೂ ಬರೆದ.

ರಸವಾದಿಯನ್ನು ಈಗ ಕೇಳೋಣ. ಸಾಧಾರಣೀಕರಣ ಆಗುವುದು ಯಾವುದಕ್ಕೆ? ಭಾವಕ್ಕೆ. ಭಾವ ಹುಟ್ಟುವುದು ಯಾವುದರಿಂದ? ವಿಭಾವದಿಂದ, ಎಂದರೆ ಕಾರಣವಾಗಿ ನಿಂತ ಮನುಷ್ಯರು, ವಸ್ತುಗಳು, ಸಂದರ್ಭಗಳಿಂದ. ಸೀತೆಯ ಅಳಲು ಎಲ್ಲರ ಅಳಲಾಗಬೇಕಾದರೆ ಅಶೋಕವನವೂ ಬೇಕು, ರಾವಣನೂ ಬೇಕು. ರಾವಣನನ್ನು ತೆಗೆದು ಅಳುವ ಹೆಣ್ಣನ್ನು ಮಾತ್ರ ಉಳಿಸಿದರೆ ಅಲ್ಲಿ ಕರುಣರಸವಿಲ್ಲ, ಅಳುವ ಹೆಣ್ಣೊಬ್ಬಳ ಚಿತ್ರವಿದೆ. ಸಾಧಾರಣೀಕರಣದ ಹೆಸರಿನಲ್ಲಿ ವಿಭಾವವನ್ನೇ ಅಳಿಸಲು ಯಾವ ಆಲಂಕಾರಿಕನೂ ಅಪ್ಪಣೆ ಕೊಟ್ಟಿಲ್ಲ.

ಸಿದ್ಧಾಂತ

ದುಡಿಮೆಯ ಚಿತ್ರ ಮನೆಯಲ್ಲಿ ತೂಗಬಹುದು. ಕಾರಣವನ್ನು ಕತ್ತರಿಸದೆ ತೂಗಬೇಕು. ಯಾರಿಗಾಗಿ ದುಡಿಮೆ, ಯಾವ ಹತ್ಯಾರದಿಂದ, ನಡುವೆ ಉಣ್ಣುವುದೇನು ಎಂಬ ಗುರುತುಗಳು ಚಿತ್ರದಲ್ಲಿ ಉಳಿದಿರುವವರೆಗೆ ಅದು ಅಲಂಕಾರವಾಗಿದ್ದರೂ ದೋಷವಿಲ್ಲ. ಆ ಗುರುತು ಹೋದ ದಿನ ಅದು ಬಿಲಿಯರ್ಡ್ಸ್ ಕೋಣೆಯ ಸಾಮಾನು. ಹಾಗೆಂದರೆ ದೋಷ ಗೋಡೆಯಲ್ಲಿಲ್ಲ, ಸೋಫಾದಲ್ಲೂ ಇಲ್ಲ, ಕತ್ತರಿಯಲ್ಲಿದೆ.

ಕತ್ತರಿ ಎಂದದ್ದು ಉಪಮೆಗಲ್ಲ. ಕಾಯ್‌ಬೊತ್‌ನ 1875ರ ಚಿತ್ರದ ಪ್ರತಿಯೊಂದಕ್ಕೆ ಕಟ್ಟು ಹಾಕಿಸಲು ಹೋಗಿದ್ದೆ. ಮೂವರು ಗಂಡಸರು ಅಂಗಿ ಬಿಚ್ಚಿ, ಮಂಡಿಯೂರಿ ಒಂದು ಮನೆಯ ಮರದ ನೆಲವನ್ನು ಹೆರೆಯುತ್ತಿದ್ದಾರೆ. ಹಿಂದಿನ ಕಿಟಕಿಯ ಬೆಳಕು ಬೆನ್ನ ಮೇಲೆ ಬಿದ್ದಿದೆ, ನೆಲದ ತುಂಬ ಸುರುಳಿ ಸುರುಳಿ ಸಿಪ್ಪೆ. ಮೂಲಚಿತ್ರ 102 ಸೆಂಟಿಮೀಟರ್ ಎತ್ತರ, ಹೆಚ್ಚುಕಡಿಮೆ 147 ಅಗಲ. ನನ್ನ ಪ್ರತಿ ಹದಿನಾರಿಂಚು ಎತ್ತರ, ಇಪ್ಪತ್ತಮೂರು ಅಗಲ. ಅಂಗಡಿಯಾತ ಪಟ್ಟಿ ಇಟ್ಟು ನೋಡಿ ಹೇಳಿದ:

"ಹದಿನಾರು ಇಪ್ಪತ್ತರದ್ದು ರೆಡಿ ಇದೆ ಸಾರ್. ಬಲಗಡೆ ಮೂರಿಂಚು ತೆಗೆದುಬಿಟ್ರೆ ಕೂತ್ಕೊಳ್ಳುತ್ತೆ. ಅಳತೆ ಕೊಟ್ಟು ಮಾಡ್ಸಿದ್ರೆ ದುಡ್ಡು ಜಾಸ್ತಿ."

"ಬಲಗಡೆ ಬಾಟ್ಲಿ ಇದೆಯಲ್ಲ."

"ಅದಕ್ಕೇ ಹೇಳಿದ್ದು. ಮನೇಲಿ ಹಾಕೋ ಫೋಟೋದಲ್ಲಿ ಬಾಟ್ಲಿ ಯಾಕೆ ಸಾರ್?"

ಆ ಮೂರಿಂಚಿನಲ್ಲಿರುವುದು ಒಂದು ವೈನ್ ಬಾಟಲಿ, ಒಂದು ಲೋಟ. ಅದನ್ನು ತೆಗೆದರೆ ಉಳಿಯುವುದು ಮೂರು ಬೆತ್ತಲೆ ಬೆನ್ನು ಮತ್ತು ಚಂದದ ಬೆಳಕು. ಬಾಟಲಿ ಇದ್ದರೆ ಅವರಿಗೆ ಬಾಯಾರಿಕೆ ಇದೆ, ದಿನವಿದೆ, ದಿನದ ನಡುವೆ ವಿರಾಮವಿದೆ, ಆ ವಿರಾಮವನ್ನು ಕೆಲಸದ ಜಾಗದಲ್ಲೇ ನೆಲದ ಮೇಲೆ ಕಳೆಯಬೇಕಾಗಿದೆ. ಆಕಸ್ಮಿಕವೋ ಏನೋ, ಇಂಥ ಚಿತ್ರಗಳಲ್ಲಿ ಕಾರಣ ಬಲಗಡೆಯ ಅಂಚಿನಲ್ಲೇ ಸಿಗುತ್ತದೆ. ಮಿಲೆಯ ಕುದುರೆ ಸವಾರ ಬಲಗಡೆ. ಕೂರ್ಬೆಯ ಕಲ್ಲು ಒಡೆಯುವವರ ಅಡುಗೆ ಪಾತ್ರೆ, ಚಮಚ ಬಲಗಡೆ. ರೆಡಿಮೇಡ್ ಫ್ರೇಮಿಗೆ ಇದೆಲ್ಲ ಗೊತ್ತಿಲ್ಲ.

ನಾನು ಅಳತೆ ಕೊಟ್ಟೆ. ಆತ ಗಾಜು ಒರೆಸುತ್ತಾ ಚಿತ್ರವನ್ನು ಇನ್ನೊಮ್ಮೆ ನೋಡಿ, "ಮಂಡಿ ಹೋಗತ್ತೆ ಸಾರ್ ಈ ಕೆಲ್ಸದಲ್ಲಿ" ಎಂದ. ಈ ಮಾತನ್ನು ಮುಂದೆ ಒಂದು ಆಕ್ಷೇಪಕ್ಕೆ ಬಳಸಿಕೊಳ್ಳುತ್ತೇನೆ.

ಆಕ್ಷೇಪಗಳು

ಒಂದು: ಮಿಲೆಯೇ ಆ ಸವಾರನನ್ನು ಮಬ್ಬಿನಲ್ಲಿಟ್ಟಿದ್ದಾನೆ. ಬರೆದವನೇ ಹಿಂದಕ್ಕೆ ತಳ್ಳಿದ್ದನ್ನು ಅಚ್ಚಿನವನು ಬಿಟ್ಟರೆ ತಪ್ಪೇನು?

ಮಸುಕಾಗಿರುವುದೂ ಇಲ್ಲದಿರುವುದೂ ಒಂದೇ ಅಲ್ಲ. ಸವಾರನನ್ನು ಮುಂದೆ ತಂದು ನಿಲ್ಲಿಸಿದ್ದರೆ ಅದು ಚಾಟಿ ಹಿಡಿದ ಜಮೀನ್ದಾರನ ಭಿತ್ತಿಪತ್ರವಾಗುತ್ತಿತ್ತು. ದೂರದಲ್ಲಿಟ್ಟದ್ದರಿಂದ ಅವನು ಧ್ವನಿಯಾಗಿದ್ದಾನೆ. ವಿಮರ್ಶಕರಿಗೆ ನಡುಕ ಬಂದದ್ದೂ ಈ ದೂರದಿಂದಲೇ. ಹಿಂದೆ ಅಷ್ಟು ಸಮೃದ್ಧಿ, ಮುಂದೆ ಇಷ್ಟು ಹಿಡಿ. ಧ್ವನಿಗೂ ಅದನ್ನು ಹೊಳೆಯಿಸುವ ಒಂದು ವ್ಯಂಜಕ ಬೇಕು. ಅದನ್ನು ಕಿತ್ತುಹಾಕಿ ಧ್ವನಿ ಉಳಿಯಿತು ಎನ್ನಲಾಗದು.

ಎರಡು: ಈ ಚಿತ್ರಕಾರರು ತಾವೇ ಯಾವ ಪಕ್ಷದವರು? ಕಾಯ್‌ಬೊತ್ ಸಿರಿವಂತನ ಮಗ. ಅವನ ನೆಲ ಹೆರೆಯುವವರು ಹೆರೆದದ್ದು ಅವನದೇ ಮನೆಯ ನೆಲವನ್ನು ಎನ್ನುತ್ತಾರೆ. ಕೂಲಿ ಕೊಟ್ಟವನೇ ಚಿತ್ರವನ್ನೂ ಬರೆದನಲ್ಲ?

ಹೌದು, ಈ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ, ಒಪ್ಪಿಕೊಂಡರೆ ಸಿದ್ಧಾಂತಕ್ಕೆ ಬಲವೇ ಬರುತ್ತದೆ. 1875ರಲ್ಲಿ ಅಧಿಕೃತ ಪ್ರದರ್ಶನದ ತೀರ್ಪುಗಾರರು ಆ ಚಿತ್ರವನ್ನು ತಿರಸ್ಕರಿಸಿದರು. ಮರುವರ್ಷ ಅದು ಇಂಪ್ರೆಷನಿಸ್ಟರ ಎರಡನೆಯ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಹಳ್ಳಿಯ ರೈತನನ್ನಾದರೆ ಆಗಲೇ ಸಹಿಸುತ್ತಿದ್ದರು. ಅವನು ದೂರ, ಹೊಲದಲ್ಲಿ, ಬೈಬಲ್ಲಿನಿಂದ ಇಳಿದುಬಂದವನ ಹಾಗೆ ಇರುತ್ತಾನೆ. ಇವರು ನಗರದ ಕೂಲಿಗಳು, ಅದೂ ಮನೆಯೊಳಗೆ. ಮನೆಯೊಡೆಯ ತನ್ನ ಕಾಲಕೆಳಗಿನ ನುಣುಪು ಎಲ್ಲಿಂದ ಬಂತೆಂದು ಬರೆದಿಟ್ಟ. ಮನೆಯನ್ನು ಚಂದಗಾಣಿಸುವ ದುಡಿಮೆಯ ಚಿತ್ರವೇ ಮನೆಯನ್ನು ಚಂದಗಾಣಿಸಲು ಬಂದರೆ ಅದಕ್ಕಿಂತ ತಕ್ಕ ಜಾಗ ಇನ್ನೆಲ್ಲಿ?

ಚಿತ್ರಕಾರರೆಲ್ಲ ಹಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮಿಲೆ ನಾರ್ಮಂಡಿಯ ಬೇಸಾಯದ ಮನೆತನದವನು, ಬಹುಕಾಲ ಸಾಲದಲ್ಲಿ ಬೆಂದವನು. ಸಂಜೆಯ ಗಂಟೆಗೆ ಹೊಲದಲ್ಲಿ ತಲೆಬಾಗಿ ನಿಂತ ಗಂಡಹೆಂಡಿರ ಚಿತ್ರ, 'ಏಂಜಲಸ್', ಬರೆಸಿದ ಅಮೆರಿಕದವನು ಅದನ್ನು ಒಯ್ಯಲು ಬರಲೇ ಇಲ್ಲ. ಮಿಲೆ ಸತ್ತು ಹದಿನಾಲ್ಕು ವರ್ಷಕ್ಕೆ, 1889ರ ಹರಾಜಿನಲ್ಲಿ, ಅದೇ ಚಿತ್ರ 5,53,000 ಫ್ರಾಂಕಿಗೆ ಹೋಯಿತು. ಅವನ ಸಂಸಾರಕ್ಕೆ ಒಂದು ಕಾಸೂ ಸೇರಲಿಲ್ಲ. ಚಿತ್ರ ಮತ್ತೆ ಮತ್ತೆ ಮಾರಾಟವಾದಾಗ ಬರೆದವನಿಗೂ ಅವನ ವಾರಸುದಾರರಿಗೂ ಪಾಲು ಸಲ್ಲಬೇಕೆಂದು ಫ್ರಾನ್ಸ್ 1920ರಲ್ಲಿ ಕಾನೂನು ಮಾಡಿತು. ಅದರ ಹಿಂದಿನ ಕೂಗಿನಲ್ಲಿ ಈ ಹರಾಜಿನ ಕಥೆಯೂ ಸೇರಿತ್ತು. ದುಡಿಮೆಯನ್ನು ಬರೆದವನ ದುಡಿಮೆಯ ಲೆಕ್ಕ ಅದು.

ಮೂರು: ಅಚ್ಚಿನ ಪ್ರತಿ ನಕಲು. ಅದರ ಮುಂದೆ ಇಷ್ಟೊಂದು ಶಾಸ್ತ್ರ ಯಾಕೆ?

ಕೂರ್ಬೆಯ ಕಲ್ಲು ಒಡೆಯುವವರ ಮೂಲಚಿತ್ರ ಈಗ ಲೋಕದಲ್ಲಿಲ್ಲ. 1849ರಲ್ಲಿ ಬರೆದ ಆ ದೊಡ್ಡ ಚಿತ್ರ 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನ ಬಳಿ ಬಾಂಬಿಗೆ ಸಿಕ್ಕಿ ಹೋಯಿತು. ರಸ್ತೆಗೆ ಜಲ್ಲಿ ಒಡೆಯುವ ಮುದುಕ, ಬುಟ್ಟಿ ಹೊರುವ ಹುಡುಗ. ಇಬ್ಬರ ಮುಖವೂ ಕಾಣುವುದಿಲ್ಲ, ಹರಿದ ಕಾಲುಚೀಲದಿಂದ ಹಿಮ್ಮಡಿ ಕಾಣುತ್ತದೆ. ಇಂದು ನಮಗೆ ಆ ಚಿತ್ರ ಸಿಗುವುದು ನಕಲಿನಲ್ಲಿ ಮಾತ್ರ. ಇನ್ನು ಮಿಲೆ ಹಕ್ಕಲಾಯುವವರನ್ನು ತೈಲದಲ್ಲಿ ದೊಡ್ಡದಾಗಿ ಬರೆಯುವ ಮುಂಚೆಯೇ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದಿದ್ದ. ವ್ಯಾನ್‌ಗೋ 1882ರಲ್ಲಿ ಹೇಗ್ ನಗರದಲ್ಲಿದ್ದಾಗ ದುಡಿಯುವವರ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಅಗ್ಗವಾಗಿ ಮುದ್ರಿಸಿ ದುಡಿಯುವವರ ಮನೆಗೇ ಮುಟ್ಟಿಸಬೇಕೆಂದು ಹಂಬಲಿಸಿದ. ಆಲೂಗಡ್ಡೆ ಉಣ್ಣುವವರನ್ನೂ 1885ರಲ್ಲಿ ಕಲ್ಲಚ್ಚಿಗೆ ತಂದ. ಅಚ್ಚಿನಲ್ಲಿ ಎಡ ಬಲವಾಗಿ ತಿರುಗಿಬಂತು, ಕೈಗಳು ಸೊಟ್ಟಗೆ ಕಂಡವು. ಗೆಳೆಯ ವಾನ್ ರಾಪಾರ್ಡ್ ಆ ಅಚ್ಚನ್ನು ಕಂಡು ಕಟುವಾಗಿ ಬರೆದ, ಸ್ನೇಹವೇ ಒಡೆಯಿತು. ಈ ಬಗೆಯ ಚಿತ್ರಕ್ಕೆ ಅಚ್ಚು ಎನ್ನುವುದು ಹುಟ್ಟಿನಿಂದಲೇ ಬಂದ ಬಾಳು.

ನಾಲ್ಕು: ದುಡಿಯುವವನು ತನ್ನ ಮನೆಗೆ ಇಂಥ ಚಿತ್ರ ತರುವುದಿಲ್ಲ. ಅವನ ಗೋಡೆಯಲ್ಲಿ ದೇವರು, ರಾಜ್‌ಕುಮಾರ್, ಮಕ್ಕಳ ಫೋಟೋ. ದುಡಿಮೆಯ ಚಿತ್ರ ದುಡಿಯದವರ ಶೋಕಿ.

ಎಲ್ಲ ಆಕ್ಷೇಪಗಳಲ್ಲಿ ಇದೇ ಕಠಿಣ. ವ್ಯಾನ್‌ಗೋನ ಹಂಬಲ ಈಡೇರಲಿಲ್ಲ ಎಂಬುದು ನಿಜ. ಯುರೋಪಿನ ಸಾಮಾನ್ಯರ ಮನೆಗೆ ನಿಜವಾಗಿ ಹೊಕ್ಕದ್ದು 'ಏಂಜಲಸ್'. ಚಿತ್ರಕಾರ ಡಾಲಿ ಅದನ್ನು ಮೊದಲು ಕಂಡದ್ದೂ ಶಾಲೆಯ ಗೋಡೆಯ ಮೇಲೆ, ಅಚ್ಚಿನ ಪ್ರತಿಯಾಗಿ. ಅದು ಯಾಕೆ ಹೊಕ್ಕಿತು ಎಂದರೆ ಅಲ್ಲಿ ದುಡಿಮೆ ನಿಂತಿದೆ. ಕವೆಗೋಲು ನೆಲಕ್ಕೆ ಚುಚ್ಚಿದೆ, ಆಲೂಗಡ್ಡೆಯ ಬುಟ್ಟಿ ಕೆಳಗಿದೆ, ದೂರದಲ್ಲಿ ಇಗರ್ಜಿಯ ಗೋಪುರ ಇದೆ (ಅದೂ ಬಲಗಡೆಯೇ). ದುಡಿಯುವವರು ಗೋಡೆಗೆ ಹಾಕಿಕೊಂಡದ್ದು ದುಡಿಮೆ ನಿಂತ ಗಳಿಗೆಯನ್ನು. ದಿನವಿಡೀ ಮಾಡಿದ್ದನ್ನೇ ಸಂಜೆ ಗೋಡೆಯ ಮೇಲೂ ಯಾಕೆ ನೋಡಬೇಕು? ನ್ಯಾಯವೇ.

ಆದರೆ ಇದರಿಂದ ಹೊರಡುವುದು ಇಷ್ಟೇ: ದುಡಿಯುವವನು ಈ ಚಿತ್ರವನ್ನು ಕೊಳ್ಳುವುದಿಲ್ಲ. ಅವನಿಗೆ ಅದು ಅರ್ಥವಾಗುವುದಿಲ್ಲ ಎಂದು ಹೊರಡುವುದಿಲ್ಲ. ಫ್ರೇಮಿನ ಅಂಗಡಿಯಾತ ನೋಡಿದ್ದು ಮಂಡಿಯನ್ನು. ನಾನು ನೋಡಿದ್ದು ಬೆಳಕನ್ನು. ಹಾಗಾದರೆ ಚಿತ್ರವನ್ನು ಪೂರ್ತಿ ಓದಬಲ್ಲವನು ಮನೆಗೆ ಬಂದುಹೋಗುವ ಜಾಗದಲ್ಲಿ ಅದು ಇರಬೇಕು. ಮಲಗುವ ಕೋಣೆಯಲ್ಲಲ್ಲ, ಓದುವ ಕೋಣೆಯ ಏಕಾಂತದಲ್ಲೂ ಅಲ್ಲ. ನಲ್ಲಿ ರಿಪೇರಿಗೆ ಬಂದವರು, ನೆಲ ಒರೆಸುವವರು, ಗ್ಯಾಸ್ ತಂದವರು ಓಡಾಡುವ ಹಜಾರದಲ್ಲಿ. ಅವರ ಕಣ್ಣಿಗೆ ಬೀಳುತ್ತದಲ್ಲ ಎಂದು ಮನೆಯವರಿಗೆ ಮುಜುಗರವಾದರೆ ಅಂಥ ಮನೆಗೆ ಆ ಚಿತ್ರ ಬೇಡ. ಅಲ್ಲಿ ಜಲಪಾತವೇ ಆದೀತು.

ಐದು: ನಮ್ಮ ನೆಲದಲ್ಲೇ ದುಡಿಯುವವರಿರುವಾಗ ಫ್ರಾನ್ಸಿನ ಹಕ್ಕಲೇ ಯಾಕೆ?

ಬೇಕೆಂಬ ಹಟವೇನೂ ಇಲ್ಲ. ಚಿತ್ತಪ್ರಸಾದ್ ಬಾಲಕಾರ್ಮಿಕರನ್ನು ಲಿನೋ ಹಲಗೆಯಲ್ಲಿ ಕೊರೆದಿದ್ದಾನೆ. ಬಂಗಾಳದ ಬರಗಾಲದ ಬಗ್ಗೆ 1943ರಲ್ಲಿ ಅವನು ಹೊರತಂದ ಪುಸ್ತಕವನ್ನು ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿತು. ಅವನ ಕಪ್ಪುಬಿಳುಪು ಸೋಫಾಕ್ಕೆ ಒಪ್ಪುವುದಿಲ್ಲ, ಹಾಗಾಗಿ ಅಲಂಕಾರದ ಅಂಗಡಿಯಲ್ಲಿ ಸಿಗುವುದೂ ಕಡಿಮೆ. ಒಪ್ಪದಿರುವುದು ಒಂದು ಗುಣ ಎಂದು ಮೊದಲ ಪೂರ್ವಪಕ್ಷಿ ಹೇಳಿಯಾನು. ನಾನು ಅಷ್ಟು ದೂರ ಹೋಗಲಾರೆ.

ಆರು: ಗೋಡೆಯ ಬಣ್ಣ, ಚೌಕಟ್ಟು, ಬೆಳಕು ಎಂದು ಯೋಚಿಸುವುದೇ ಇಂಥ ವಸ್ತುವಿಗೆ ಅವಮಾನ.

ಇದಕ್ಕೆ ವ್ಯಾನ್‌ಗೋನೇ ಉತ್ತರ ಕೊಟ್ಟಿದ್ದಾನೆ. ಆಲೂಗಡ್ಡೆ ಉಣ್ಣುವವರನ್ನು ಮುಗಿಸುವ ಹೊತ್ತಿಗೆ, ತಟ್ಟೆಗೆ ಚಾಚಿದ ಆ ಕೈಗಳೇ ನೆಲ ಅಗೆದ ಕೈಗಳು, ಆ ಊಟ ಅವರು ನ್ಯಾಯವಾಗಿ ದುಡಿದು ಗಳಿಸಿದ್ದು ಎಂಬುದನ್ನು ತೋರಿಸಲು ಹೆಣಗಿದೆ ಎಂದು ತಮ್ಮನಿಗೆ ಬರೆದ. ಅದೇ ಪತ್ರದಲ್ಲಿ, ಚಿತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಬೇಕು, ಇಲ್ಲವೇ ಮಾಗಿದ ಗೋಧಿಯ ಗಾಢ ಬಣ್ಣದ ಕಾಗದ ಅಂಟಿಸಿದ ಗೋಡೆ ಬೇಕು, ಕಪ್ಪಾದ ಹಿನ್ನೆಲೆಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ ಎಂದೂ ಸೂಚಿಸಿದ. ಗುಡಿಸಿಲಿನ ಆ ದೀಪದ ಬೆಳಕಿಗೆ ಸುತ್ತಲೂ ಬೆಚ್ಚನೆಯ ಬಣ್ಣ ಇದ್ದರೇ ಜೀವ. ನಮ್ಮ ಅಂಗಡಿಗಳು ಇಂಥ ಕಡುಬಣ್ಣದ ಚಿತ್ರಕ್ಕೆ ಕೇಳದೆಯೇ ಕಪ್ಪು ಫ್ರೇಮ್ ಹಾಕಿಬಿಡುತ್ತವೆ. ಬೇಡ ಎಂದು ಮೊದಲೇ ಹೇಳಬೇಕು.